ಎರಡನೆಯ ಸ್ಥಾನದ ಲೆಕ್ಕ

ಪತ್ರಿಕೆಯ ಆಟೋಟದ ಪುಟವನ್ನು ಓದುವವರಲ್ಲಿ ಎರಡು ಪಂಗಡ. ಆಟದ ವರ್ಣನೆಯನ್ನೋದಿ ಮೈಮರೆಯುವವರದು ಒಂದು. ಪುಟದ ಮೂಲೆಯಲ್ಲಿ ಇರುವೆಯ ಸಾಲಿನಂತೆ ಅಚ್ಚಾಗಿರುವ ಅಂಕಪಟ್ಟಿಯ ಮೇಲೆ ಬೆರಳಾಡಿಸುವವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ಚೆಂಡನ್ನು ನಾನು ಒದ್ದದ್ದು ಕಡಮೆ. ಕೂಡಿ ಕಳೆದದ್ದೇ ಹೆಚ್ಚು. ಮೊದಲನೆಯ ಸ್ಥಾನದವರನ್ನು ಹೊಗಳುವುದಕ್ಕೆ ಲೋಕವೇ ಇದೆ. ಆದುದರಿಂದ ನನ್ನ ಬೆರಳು ನಿಲ್ಲುವುದು ಎರಡನೆಯ ಸಾಲಿನ ಮೇಲೆ. ಹಾಗೆ ಅದು ನಿಂತು ಮುಂದೆ ಹೋಗಲೊಲ್ಲದ ಪಟ್ಟಿಯೊಂದಿದೆ: ಸ್ಕಾಟ್ಲೆಂಡಿನ ಫುಟ್‌ಬಾಲ್ ಲೀಗಿನ 1985–86ರ ಪಟ್ಟಿ.

ಅದರ ಎರಡನೆಯ ಸಾಲಿನಲ್ಲಿರುವ ತಂಡದ ಹೆಸರು ಹಾರ್ಟ್ ಆಫ್ ಮಿಡ್ಲೋಥಿಯನ್. ಜನ ಕರೆಯುವುದು ‘ಹಾರ್ಟ್ಸ್’ ಎಂದು. ಎಡಿನ್‌ಬರೋ ನಗರದ ಹಳೆಯ ಸೆರೆಮನೆಗೆ ಅಲ್ಲಿಯವರು ಇಟ್ಟಿದ್ದ ಹೆಸರು ಅದು. ವಾಲ್ಟರ್ ಸ್ಕಾಟ್ 1818ರಲ್ಲಿ ತನ್ನ ಕಾದಂಬರಿಯೊಂದಕ್ಕೂ ಅದನ್ನೇ ಇಟ್ಟ. ಸೆರೆಮನೆ ಹೋಗಿ, ಅದಿದ್ದ ಜಾಗದಲ್ಲಿ ಈಗ ಬೀದಿಯ ಕಲ್ಲಿನಲ್ಲೇ ಹೃದಯದ ಆಕಾರವನ್ನು ಹೂಡಿದ್ದಾರೆ. ಹೃದಯದ ಹೆಸರು ಹೊತ್ತವರಿಗೆ ಆದ ಗಾಯವೆಲ್ಲ ಗಣಿತದಿಂದಲೇ ಆಯಿತೆಂಬುದು ವಿಧಿಯ ಒಂದು ವಿನೋದ.

ಹಾರ್ಟ್ಸ್ ಸಾಮಾನ್ಯ ತಂಡವಲ್ಲ. 1957–58ರಲ್ಲಿ 34 ಆಟಗಳಿಂದ 132 ಗೋಲು ಹೊಡೆದು ಲೀಗನ್ನು ಗೆದ್ದಿದ್ದರು. 1960ರಲ್ಲಿ ಮತ್ತೆ ಗೆದ್ದರು. ಆಮೇಲೆ ಇಳಿಗಾಲ. 1977, 1979, 1981 ಹೀಗೆ ಮೂರು ಬಾರಿ ಕೆಳಗಿನ ದರ್ಜೆಗೆ ಜಾರಿದರು. 1983ರಲ್ಲಿ ಮತ್ತೆ ಮೇಲೆ ಬಂದ ತಂಡದಿಂದ ಯಾರೂ ದೊಡ್ಡದೇನನ್ನೂ ನಿರೀಕ್ಷಿಸಿರಲಿಲ್ಲ. ಅಲೆಕ್ಸ್ ಮ್ಯಾಕ್‌ಡೊನಾಲ್ಡ್ ಅದರ ಮ್ಯಾನೇಜರು. ಅವನ ಬಲಗೈ ಸ್ಯಾಂಡಿ ಜಾರ್ಡೀನ್, ವಯಸ್ಸು ಮೂವತ್ತೇಳಕ್ಕೆ ಬರುತ್ತಿದ್ದರೂ ರಕ್ಷಣೆಯಲ್ಲಿ ಇನ್ನೂ ಆಡುತ್ತಿದ್ದವನು.

1985ರ ಆ ಋತುವಿನ ಆರಂಭವೂ ನಿರೀಕ್ಷೆಗೆ ತಕ್ಕಂತೆಯೇ ಇತ್ತು. ಮೊದಲ ಎಂಟು ಆಟಗಳಲ್ಲಿ ಐದು ಸೋಲು. ಐದನೆಯದು ಸೆಪ್ಟೆಂಬರ್ 28ರಂದು, ಕ್ಲೈಡ್‌ಬ್ಯಾಂಕ್ ತಂಡದ ಎದುರಿಗೆ. ಅಲ್ಲಿಂದಾಚೆಗೆ ಏನಾಯಿತೋ, ತಂಡ ಸೋಲುವುದನ್ನೇ ಮರೆತುಬಿಟ್ಟಿತು. ಅಕ್ಟೋಬರು ಕಳೆಯಿತು, ಮಳೆ ಹಿಮಗಳ ತಿಂಗಳುಗಳು ಕಳೆದವು, ಏಪ್ರಿಲು ಮುಗಿಯಿತು; ಲೀಗಿನಲ್ಲಿ ಒಂದರ ಮೇಲೊಂದು 27 ಆಟ, ಒಂದರಲ್ಲೂ ಸೋಲಿಲ್ಲ. ಇನ್ನುಳಿದದ್ದು ಒಂದೇ ಆಟ. ಆಗ ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು. ಹಾರ್ಟ್ಸ್ ಸೆಲ್ಟಿಕ್‌ಗಿಂತ ಎರಡು ಅಂಕ ಮುಂದಿತ್ತು. ಕೊನೆಯ ಆಟ ಗೆಲ್ಲಬೇಕೆಂದೇನೂ ಇರಲಿಲ್ಲ, ಸಮವಾದರೆ ಸಾಕು.

1986ನೆಯ ಇಸವಿ ಮೇ 3, ಶನಿವಾರ. ಹಾರ್ಟ್ಸ್ ಡಂಡೀ ನಗರದ ಡೆನ್ಸ್ ಪಾರ್ಕಿನಲ್ಲಿ ಡಂಡೀ ತಂಡದ ಎದುರು. ಸೆಲ್ಟಿಕ್ ಪೇಸ್ಲಿ ಊರಿನಲ್ಲಿ ಸೇಂಟ್ ಮಿರನ್ ಎದುರು. ಹಾರ್ಟ್ಸಿನ ರಕ್ಷಣೆಯ ಕಂಬದಂತಿದ್ದ ಕ್ರೇಗ್ ಲೆವೀನ್ ಕಾಯಿಲೆಯಿಂದಾಗಿ ಆಡಲಿಲ್ಲ. ಪೇಸ್ಲಿಯಲ್ಲಿ ಅರ್ಧ ಸಮಯಕ್ಕೇ ಸೆಲ್ಟಿಕ್ 4–0. ಡಂಡೀಯಲ್ಲಿ ಮಾತ್ರ ಗೋಲೇ ಇಲ್ಲ. ಎರಡೂ ಕಡೆ ಜನ ಟ್ರಾನ್ಸಿಸ್ಟರ್ ರೇಡಿಯೋವನ್ನು ಕಿವಿಗೊತ್ತಿ ನಿಂತಿದ್ದರು. ಇನ್ನು ಏಳು ನಿಮಿಷವಿರುವಾಗ, ಬದಲಿ ಆಟಗಾರನಾಗಿ ಒಳಗೆ ಬಂದಿದ್ದ ಆಲ್ಬರ್ಟ್ ಕಿಡ್ ಎಂಬಾತ ಗೋಲು ಹೊಡೆದ. ಆ ಋತುವಿನ ಲೀಗಿನಲ್ಲಿ ಅದುವರೆಗೆ ಒಂದು ಗೋಲನ್ನೂ ಹೊಡೆಯದಿದ್ದವನು! ಆಟ ಮುಗಿಯುವ ಮುನ್ನ ಇನ್ನೊಂದನ್ನೂ ಹೊಡೆದ. ಡಂಡೀ 2, ಹಾರ್ಟ್ಸ್ 0. ಅಲ್ಲಿ ಸೆಲ್ಟಿಕ್ 5–0. ಪೇಸ್ಲಿಯ ಮೈದಾನದಲ್ಲಿ ಚೆಂಡು ಎಲ್ಲೋ ಸುಮ್ಮನೆ ಉರುಳುತ್ತಿದ್ದಾಗ ಜನ ಇದ್ದಕ್ಕಿದ್ದಂತೆ ಕುಣಿದರಂತೆ. ಅವರಿಗೆ ಗೋಲು ಬಿದ್ದದ್ದು ರೇಡಿಯೋದೊಳಗೆ.

ಡಂಡೀಯವರಾದರೂ ಬಂಗಾರ ಕೊಯ್ದರೇ? ಅದೂ ಇಲ್ಲ. ಯೂರೋಪಿನ ಸ್ಪರ್ಧೆಯಲ್ಲಿ ಒಂದು ಸ್ಥಾನ ಸಿಕ್ಕೀತೆಂದು ಅವರು ಆಡಿದ್ದರು. ಅದೇ ದಿನ ರೇಂಜರ್ಸ್ ತಂಡವೂ ಗೆದ್ದಿತು. ಇಬ್ಬರಿಗೂ 35 ಅಂಕ. ಗೋಲುಗಳ ವ್ಯತ್ಯಾಸದಲ್ಲಿ ಡಂಡೀ ಹಿಂದೆ. ಹೀಗೆ, ಹಾರ್ಟ್ಸಿನ ಕೈಯಿಂದ ಕಿತ್ತುಕೊಂಡವರ ಕೈಯೂ ಬರಿದಾಗಿಯೇ ಉಳಿಯಿತು.

ಈಗ ನನ್ನ ಬೆರಳಿನ ಕೆಲಸ. ಸೆಲ್ಟಿಕ್: 20 ಗೆಲುವು, 10 ಸಮ, 6 ಸೋಲು, 50 ಅಂಕ. ಹಾರ್ಟ್ಸ್: 20 ಗೆಲುವು, 10 ಸಮ, 6 ಸೋಲು, 50 ಅಂಕ. ಅವಳಿ ಮಕ್ಕಳ ಜಾತಕದಲ್ಲೂ ಇಷ್ಟು ಹೋಲಿಕೆ ಇರಲಾರದು. ಅಂಕ ಸಮವಾದರೆ, ಹೊಡೆದ ಗೋಲುಗಳಲ್ಲಿ ತಿಂದ ಗೋಲುಗಳನ್ನು ಕಳೆಯಬೇಕು, ಇದು ನಿಯಮ. ಸೆಲ್ಟಿಕ್ ಹೊಡೆದದ್ದು 67, ತಿಂದದ್ದು 38, ಉಳಿದದ್ದು 29. ಹಾರ್ಟ್ಸ್ 59, 33, ಉಳಿದದ್ದು 26. ಪಟ್ಟ ಸೆಲ್ಟಿಕ್‌ಗೆ.

ಹಿಂದೆ ಈ ನಿಯಮ ಬೇರೆಯಾಗಿತ್ತು. ಕಳೆಯುವುದಲ್ಲ, ಭಾಗಿಸುವುದು, ‘ಗೋಲು ಸರಾಸರಿ’ ಎಂದು ಅದಕ್ಕೆ ಹೆಸರು. 67ನ್ನು 38ರಿಂದ ಭಾಗಿಸಿದರೆ 1.763. 59ನ್ನು 33ರಿಂದ ಭಾಗಿಸಿದರೆ 1.788. ಹಳೆಯ ನಿಯಮವೇ ಇದ್ದಿದ್ದರೆ ಪಟ್ಟ ಹಾರ್ಟ್ಸಿಗೆ!

ಅಯ್ಯೋ ಎನ್ನುವ ಮೊದಲು ಇನ್ನೂ ಇಪ್ಪತ್ತೊಂದು ವರ್ಷ ಹಿಂದಕ್ಕೆ ಹೋಗಬೇಕು. 1965ನೆಯ ಇಸವಿ ಏಪ್ರಿಲ್ 24. ಆಗಲೂ ಕೊನೆಯ ದಿನ. ಆಗಲೂ ಹಾರ್ಟ್ಸ್ ಎರಡು ಅಂಕ ಮುಂದೆ. ಎದುರಾಳಿ ಕಿಲ್ಮಾರ್ನಾಕ್, ಅದೂ ಹಾರ್ಟ್ಸಿನ ಸ್ವಂತ ಅಂಗಳವಾದ ಟೈನ್‌ಕ್ಯಾಸಲ್‌ನಲ್ಲಿ. ಒಂದು ಗೋಲಿನಿಂದ ಸೋತಿದ್ದರೂ ಹಾರ್ಟ್ಸೇ ಮೊದಲು. ಕಿಲ್ಮಾರ್ನಾಕ್ ಗೆದ್ದದ್ದು 2–0. ಇಬ್ಬರಿಗೂ 22 ಗೆಲುವು, 6 ಸಮ, 6 ಸೋಲು, 50 ಅಂಕ. ಅಂದಿನ ನಿಯಮ ಭಾಗಾಕಾರ. ಕಿಲ್ಮಾರ್ನಾಕ್ 62ಕ್ಕೆ 33: 1.879. ಹಾರ್ಟ್ಸ್ 90ಕ್ಕೆ 49: 1.837. ಒಂದು ಗೋಲಿನ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲದ ಅಂತರದಲ್ಲಿ ಪಟ್ಟ ಹೋಯಿತು. ಅಂದು ಕಳೆಯುವ ನಿಯಮವಿದ್ದಿದ್ದರೆ? ಹಾರ್ಟ್ಸಿಗೆ 41, ಕಿಲ್ಮಾರ್ನಾಕ್‌ಗೆ 29. ಭಾಗಿಸುವಾಗ ಕಳೆಯಬೇಕಾಗಿತ್ತು, ಕಳೆಯುವಾಗ ಭಾಗಿಸಬೇಕಾಗಿತ್ತು!

ಈ ಲೆಕ್ಕವನ್ನು ಕಂಡ ದಿನ ನನಗೆ ನಿದ್ರೆ ಬರಲಿಲ್ಲ ಎಂದರೆ ಓದುಗರು ನಗಬಾರದು. ಇಷ್ಟು ಅಚ್ಚುಕಟ್ಟಾದ ಅನ್ಯಾಯವನ್ನು ನಾನು ಕಂಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯ ಮುದುಕರೊಬ್ಬರು ಹಾರ್ಟ್ಸಿನ ಭಕ್ತರೆಂದು ಗೊತ್ತಾಯಿತು. 1965ರಲ್ಲಿ ತಂದೆಯ ಕೈ ಹಿಡಿದು ಟೈನ್‌ಕ್ಯಾಸಲ್‌ಗೆ ಹೋಗಿದ್ದ ಹುಡುಗ. 1986ರಲ್ಲಿ ಡಂಡೀಗೂ ಹೋಗಿದ್ದವರು. ಅವರ ಮುಂದೆ ನನ್ನ ಕಾಗದವನ್ನು ಹರಡಿದೆ. ಸಂತೈಸಬೇಕೆಂಬುದೇ ನನ್ನ ಉದ್ದೇಶ. ಅವರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

“ಲೆಕ್ಕ ಸರಿಯಾಗಿದೆ. ಆದರೆ ನಿಯಮ ಎರಡು ಸಲವೂ ಆಗಸ್ಟಿನಲ್ಲೇ ಎಲ್ಲರಿಗೂ ಗೊತ್ತಿತ್ತಲ್ಲ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಎಲ್ಲರೂ ಆಲ್ಬರ್ಟ್ ಕಿಡ್‌ನನ್ನು ಬಯ್ಯುತ್ತಾರೆ. ಕ್ಲೈಡ್‌ಬ್ಯಾಂಕನ್ನು ಯಾರೂ ನೆನೆಯುವುದಿಲ್ಲ,” ಎಂದರು.

ಆ ಮಾತು ನನ್ನ ಕಾಗದಕ್ಕಿಂತ ದೊಡ್ಡ ಲೆಕ್ಕ. ಕ್ಲೈಡ್‌ಬ್ಯಾಂಕ್ ಆ ಋತುವಿನ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ತಂಡ. ಸೆಪ್ಟೆಂಬರಿನ ಆ ದಿನ ಅದರೊಡನೆ ಬರಿಯ ಸಮ ಮಾಡಿಕೊಂಡಿದ್ದರೂ ಹಾರ್ಟ್ಸಿಗೆ 51 ಅಂಕ. ಭಾಗಾಕಾರವೂ ಬೇಡ, ವ್ಯವಕಲನವೂ ಬೇಡ. ಆದರೆ ಸೆಪ್ಟೆಂಬರಿನಲ್ಲಿ ಯಾರು ಅತ್ತರು? ಸಂಸಾರದಲ್ಲೂ ನಾವು ಹೀಗೆಯೇ ಅಲ್ಲವೆ? ಕೊನೆಯ ಏಳು ನಿಮಿಷವನ್ನು ಜನ್ಮವಿಡೀ ಶಪಿಸುತ್ತೇವೆ. ಹೆಸರಿಲ್ಲದ ಯಾವುದೋ ಶನಿವಾರ ಕೈಚೆಲ್ಲಿದ್ದನ್ನು ಬರೆದಿಟ್ಟುಕೊಳ್ಳುವುದೇ ಇಲ್ಲ. ವಿಧಿ ಎಂದು ನಾವು ಹೆಸರಿಡುವುದು ಕಡೆಯ ಕಂತಿಗೆ ಮಾತ್ರ.

ಡೆನ್ಸ್ ಪಾರ್ಕಿನ ಒಂದು ವಾರದ ಮೇಲೆ ಹಾರ್ಟ್ಸ್ ಸ್ಕಾಟಿಷ್ ಕಪ್ಪಿನ ಫೈನಲ್ ಆಡಬೇಕಾಗಿತ್ತು. ಅಬರ್ಡೀನ್ ಎದುರು 3–0 ಸೋತರು. ಆ ವರ್ಷ ಫುಟ್‌ಬಾಲ್ ಲೇಖಕರು ಆರಿಸಿದ ಶ್ರೇಷ್ಠ ಆಟಗಾರ ಮಾತ್ರ ಸ್ಯಾಂಡಿ ಜಾರ್ಡೀನ್. ಒಂದು ಬಹುಮಾನವೂ ಬಾರದ ತಂಡದ ಮುದಿ ರಕ್ಷಕನಿಗೆ ಆ ಗೌರವ! ಮುದುಕರು ನನ್ನ ಕಾಗದವನ್ನು ನಾಲ್ಕಾಗಿ ಮಡಿಸಿ ಹಿಂದಕ್ಕೆ ಕೊಟ್ಟು, ಮುಂದಿನ ಶನಿವಾರದ ಆಟಕ್ಕೆ ಬರುತ್ತೀರಾ ಎಂದು ಕೇಳಿದರು.