ಸೊಪ್ಪೂ ಬೇಕು, ತಪಾಸಣೆಯೂ ಬೇಕು



ಯಲಬುರ್ಗಾ ಸೀಮೆಯ ಹಳ್ಳಿಯೊಂದರಲ್ಲಿದ್ದ ನನ್ನ ಚಿಗವ್ವನ ಸಂಗತಿಯನ್ನು ತಮ್ಮಲ್ಲಿ ನಿವೇದಿಸಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆನು. ಮುಟ್ಟು ನಿಂತು ನಾಲ್ಕು ವರ್ಷಗಳಾದ ಮೇಲೆ ಆಕೆಗೆ ಮತ್ತೆ ರಕ್ತಸ್ರಾವ ಕಾಣಿಸಿತು. ನಾಚಿಕೆಯಿಂದ ಅದನ್ನು ಮುಚ್ಚಿಟ್ಟು, ನಿಶ್ಶಕ್ತಿಯೆಂದಷ್ಟೇ ಹೇಳಿದಳು. ನಾಲ್ಕಕ್ಷರ ಬಲ್ಲವನೆಂಬ ಹಮ್ಮಿನಿಂದ ನಾನು ಕೊಪ್ಪಳದ ಪೇಟೆಯಿಂದ ಜೀವಸತ್ವದ ಮಾತ್ರೆಗಳನ್ನು ತಂದುಕೊಟ್ಟೆನು. ಎಂಟು ತಿಂಗಳು ಕಳೆದು ದೊಡ್ಡ ಆಸ್ಪತ್ರೆಗೆ ಒಯ್ದಾಗ ಕ್ಯಾನ್ಸರ್ ಗರ್ಭಕೊರಳನ್ನು ದಾಟಿ ಹಬ್ಬಿತ್ತು. "ನೀ ಕೊಟ್ಟ ಗುಳಿಗಿ ಒಂದಿನಾನೂ ತಪ್ಪಿಸಿಲ್ಲಪಾ" ಎಂದಳು. ಆ ಮಾತು ಇಂದಿಗೂ ನನ್ನನ್ನು ಸುಡುತ್ತಿದೆ.

ಜೀವಸತ್ವಗಳು ನಿರರ್ಥಕವೆಂದು ನನ್ನ ಅಭಿಪ್ರಾಯವಲ್ಲ. ಎ, ಸಿ, ಇ ಜೀವಸತ್ವಗಳೂ ಫೋಲೇಟೂ ಜೀವಕೋಶಗಳ ರಕ್ಷಣೆಗೆ ಬೇಕಾದವು. ಸೊಪ್ಪು, ಹಣ್ಣುಗಳನ್ನು ಹೆಚ್ಚಾಗಿ ಸೇವಿಸುವ ಸ್ತ್ರೀಯರಲ್ಲಿ ಈ ರೋಗ ಕಡಿಮೆಯೆಂದು ಹಲವು ಸಮೀಕ್ಷೆಗಳು ಕಂಡುಕೊಂಡಿವೆ. ಗಂಗಾವತಿಯ ಅನ್ನದೊಡನೆಯಾಗಲಿ, ಕುಷ್ಟಗಿಯ ಜೋಳದ ರೊಟ್ಟಿಯೊಡನೆಯಾಗಲಿ ಪುಂಡಿಪಲ್ಯ, ಮೆಂತ್ಯೆ, ನುಗ್ಗೆಸೊಪ್ಪು ಇರಲಿ. ಪೇರಲ, ನೆಲ್ಲಿಕಾಯಿಗಳೂ ಇರಲಿ. ಆದರೆ ಅದೇ ಸತ್ವವನ್ನು ಮಾತ್ರೆಯಾಗಿ ಕೊಟ್ಟ ಪ್ರಯೋಗಗಳಲ್ಲಿ ಗರ್ಭಕೊರಳಿನ ಕೆಟ್ಟ ಕೋಶಗಳು ಗುಣವಾದುದಕ್ಕೆ ಖಚಿತ ಆಧಾರ ದೊರೆಯಲಿಲ್ಲ. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾದುದು 1994ರಲ್ಲಿ ಪ್ರಕಟವಾಯಿತು.

ಈ ರೋಗದ ಮೂಲ ಎಚ್‌ಪಿವಿ ಎಂಬ ವೈರಾಣು. ಇದನ್ನು ತೋರಿಸಿಕೊಟ್ಟ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೂರರಲ್ಲಿ ಸುಮಾರು ಎಪ್ಪತ್ತು ಪ್ರಕರಣಗಳಿಗೆ ಈ ವೈರಾಣುವಿನ 16 ಮತ್ತು 18ನೆಯ ಬಗೆಗಳೇ ಕಾರಣ. ಬಹುಪಾಲು ಸ್ತ್ರೀಯರಲ್ಲಿ ಸೋಂಕು ತಾನಾಗಿಯೇ ಅಳಿಯುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಹತ್ತಾರು ವರ್ಷ ಬೇಕು. ಆ ದೀರ್ಘ ಅವಧಿಯೇ ನಮಗೆ ದೊರೆತ ಅವಕಾಶ.

ಹಿಂದೆ ನಮ್ಮಂತೆಯೇ ನಿಜಾಮರ ಆಳ್ವಿಕೆಯಲ್ಲಿದ್ದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,000ಕ್ಕೂ ಮಿಕ್ಕಿದ ಸ್ತ್ರೀಯರ ಅಧ್ಯಯನ ನಡೆಯಿತು. ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆಗೆ ಕರೆಯಲ್ಪಟ್ಟ ಗುಂಪಿನಲ್ಲಿ ಈ ರೋಗದ ಸಾವುಗಳು ಸುಮಾರು ಅರ್ಧಕ್ಕಿಳಿದವೆಂದು 2009ರಲ್ಲಿ ವರದಿಯಾಯಿತು. ಅಸಿಟಿಕ್ ಆಮ್ಲವನ್ನು ಲೇಪಿಸಿ ನೋಡುವ ಪರೀಕ್ಷೆ ಇನ್ನೂ ಸುಲಭ. ಕೆಟ್ಟ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. 30ರಿಂದ 65 ವಯಸ್ಸಿನವರು ಐದು ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕೆಂದು 2016ರ ಸರಕಾರಿ ಮಾರ್ಗಸೂಚಿ ಹೇಳುತ್ತದೆ. 9ರಿಂದ 14 ವಯಸ್ಸಿನ ಬಾಲಿಕೆಯರಿಗೆ ಲಸಿಕೆಯುಂಟು. ನಮ್ಮ ದೇಶದಲ್ಲಿಯೇ ತಯಾರಾದುದೂ ದೊರೆಯುತ್ತದೆ.

ಬಂಧುಗಳೆ, ತಾಯಂದಿರು ಅಡಗಿಸಿಟ್ಟ ನೋವನ್ನು ಕೇಳುವುದು ಗಂಡಸರಿಗೆ ಅವಮಾನವಲ್ಲ. ಮನೆಯ ಹೆಣ್ಣುಮಗಳು 'ನಿಶ್ಶಕ್ತಿ' ಎಂದಾಗ ಔಷಧಿ ಅಂಗಡಿಗೆ ಓಡದಿರಿ. ಆಕೆಯ ಬಳಿ ಕುಳಿತು ವಿಚಾರಿಸಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾನು ಹಾಗೆ ಮಾಡಲಿಲ್ಲ, ತಾವು ಮಾಡಿರಿ.