ತಂತಿಗೆ ಚುಚ್ಚಿದ ಕಾಗದ

ಅಜ್ಜನ ಮನೆಯ ಜಗುಲಿಯಲ್ಲಿ ಒಂದು ಕೊಕ್ಕೆ ತಂತಿ ನೇತಾಡ್ತಿತ್ತು. ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಡೋದು, ಹೊಸದು ಮೇಲೆ. ನಾನು ದಿನಾ ಗುದ್ದಾಡೋ ಎಚ್‌ಬೇಸ್ ಡೇಟಾಬೇಸೂ ಹೆಚ್ಚುಕಮ್ಮಿ ಅಂಥದ್ದೇ ತಂತಿ. ಗೂಗಲ್‌ನವರು 2006ರಲ್ಲಿ ಬಿಗ್‌ಟೇಬಲ್ ಬಗ್ಗೆ ಬರೆದ ಪ್ರಬಂಧ ನೋಡಿ ಕಟ್ಟಿದ್ದು. ಸಾಲು, ಕಾಲಂ ಎರಡೂ ಹೇಳಿದರೆ ಅಲ್ಲಿರೋದು ಒಂದೇ ಮಾಹಿತಿಯಲ್ಲ, ಒಂದರ ಮೇಲೊಂದು ಆವೃತ್ತಿಗಳು. ಪ್ರತಿಯೊಂದಕ್ಕೂ ಒಂದು ಟೈಮ್‌ಸ್ಟಾಂಪ್, ಅಂದ್ರೆ 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡು. ಸುಮ್ಮನೆ ಕೇಳಿದರೆ ಕೊಡೋದು ಮೇಲಿನದ್ದನ್ನ.

ವ್ಯತ್ಯಾಸ ಒಂದೇ. ಅಜ್ಜ ಬಂದ ಹಾಗೆ ಚುಚ್ಚುತ್ತಿದ್ದ. ಇದು ಕಾಗದದ ಮೇಲಿನ ತಾರೀಖು ನೋಡಿ ಜೋಡಿಸುತ್ತೆ. ಆ ತಾರೀಖನ್ನ ನಾವೇ ಬರೀಬಹುದು!

ಬರೆದೆ.. ಹಳೇ ಸಿಸ್ಟಮ್‌ನಿಂದ ಗ್ರಾಹಕರ ವಿಳಾಸಗಳನ್ನ ತರುವಾಗ. ಅಲ್ಲಿನ ಸಮಯ ಮೈಕ್ರೋಸೆಕೆಂಡಿನಲ್ಲಿತ್ತು, 1000ದಿಂದ ಭಾಗಿಸೋದು ಮರೆತೆ. ಅಷ್ಟೂ ವಿಳಾಸಗಳು 50,000 ವರ್ಷಕ್ಕೂ ಮುಂದಿನ ತಾರೀಖು ಹೊತ್ತು ಕೂತವು. ಆಮೇಲೆ ಮನೆ ಬದಲಿಸಿದವರು ಹೊಸ ವಿಳಾಸ ಕೊಟ್ಟರೆ ಡೇಟಾಬೇಸ್ ಸರಿ ಅಂತ ತಗೊಂಡು, ಸದ್ದಿಲ್ಲದೆ ಅಡಿಗೆ ಚುಚ್ಚುತ್ತಿತ್ತು. ಒಂದು ಎರರ್ ಇಲ್ಲ. ಪಾರ್ಸೆಲ್‌ಗಳೆಲ್ಲ ಹಳೇ ಮನೆ ಬಾಗಿಲಿಗೆ.

ಗೊತ್ತಾಗಿದ್ದು ಮೂರು ವಾರದ ಮೇಲೆ. ಅಳಿಸಿದೆ, ಹೋಗಲಿಲ್ಲ! ಅಳಿಸೋದಕ್ಕೂ ತಾರೀಖು ಉಂಟು. ಇವತ್ತು ಅಳಿಸಿದರೆ ಇವತ್ತಿನವರೆಗಿನದ್ದಕ್ಕಷ್ಟೇ ಲಾಗು. ಸಿಟ್ಟಿಗೆದ್ದು ಆ ದೂರದ ತಾರೀಖನ್ನೇ ಕೊಟ್ಟು "ಅಲ್ಲಿಯವರೆಗಿನದ್ದೆಲ್ಲ ಅಳಿಸು" ಅಂದೆ. ಹೋಯ್ತು. ಆದ್ರೆ ಇಲ್ಲಿ ಅಳಿಸೋದು ಅಂದ್ರೆ ಕಾಗದ ಹರಿಯೋದಲ್ಲ, ಒಂದು ಗೋರಿಕಲ್ಲು ನೆಡೋದು (ಹೆಸರೇ ಟೂಂಬ್‌ಸ್ಟೋನ್). ಸರಿಯಾದ ತಾರೀಖು ಹಾಕಿ ಮತ್ತೆ ಬರೆದಿದ್ದೂ ಅದರಡಿ ಮಾಯ. ಮೇಜರ್ ಕಂಪ್ಯಾಕ್ಷನ್ ಓಡಿಸಿದ ಮೇಲೇ ಆ ಕಲ್ಲು ಎದ್ದಿದ್ದು, ಅಡಿಯಲ್ಲಿದ್ದ ಹೊಸ ವಿಳಾಸಗಳನ್ನೂ ಜೊತೆಗೆ ಕರ್ಕೊಂಡು.

ಆ ಒಂದು ಆವೃತ್ತಿಯನ್ನಷ್ಟೇ ಅಳಿಸಿದ್ದರೆ ಕೆಲವಾದರೂ ಉಳೀತಿದ್ವೋ ಏನೋ. ಕೆಲವು ಮೊದಲೇ ಹೋಗಿರಬೇಕು: 0.96ರಿಂದೀಚೆಗೆ ನಾವಾಗಿ ಕೇಳದಿದ್ದರೆ ಅದು ಇಟ್ಟುಕೊಳ್ಳೋದು ಒಂದೇ ಆವೃತ್ತಿ (ಮುಂಚೆ ಮೂರು). ನಾವು ಕೇಳಿರಲಿಲ್ಲ.

ಯಾರ್ಯಾರು ವಿಳಾಸ ಬದಲಿಸಿದ್ದರು ಅನ್ನೋದು ವೆಬ್ ಸರ್ವರ್‌ನ ಲಾಗಿನಲ್ಲಿತ್ತು, ಏನಂತ ಬದಲಿಸಿದ್ದರು ಅನ್ನೋದು ಇರಲಿಲ್ಲ. ಫೋನ್ ಹಿಡಿದು ಕೂತೆ. ಮೊದಲು ಸಿಕ್ಕವರು ವಯಸ್ಸಾದವರು.

"ಸಾರ್, ಹೊಸ ಮನೆ ವಿಳಾಸ ಸ್ವಲ್ಪ ಹೇಳ್ತೀರಾ?"

"ಹೋದ ತಿಂಗಳೇ ಕೊಟ್ಟಿದ್ನಲ್ಲಪ್ಪಾ, ಬರ್ಕೊಳ್ಳಿಲ್ವಾ?"

ಬರ್ಕೊಂಡಿದ್ವಿ ಸಾರ್, ಅನ್ನೋಕೆ ಬಾಯಿ ಬರಲಿಲ್ಲ.