ಇಬ್ಬರು ಸುಲೋಚನೆಯರು, ಒಂದು ರುಮಾಲು

ನಮ್ಮ ತಾತ ಕನ್ನಡಕವನ್ನು ಕನ್ನಡಕ ಎಂದದ್ದು ನಾನು ಕೇಳಿಲ್ಲ. ‘ನನ್ನ ಸುಲೋಚನ ಎಲ್ಲೋ?’ ಎನ್ನುತ್ತ ಮನೆಯೆಲ್ಲ ತಡಕಾಡುತ್ತಿದ್ದರು. ಹಾಗಾಗಿ 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನೋಡುತ್ತ ಕೂತಾಗ, ಸೋಮೇಶ್ವರದ ಸುಲೋಚನ ಎಂಬ ದೆವ್ವದ ಹೆಸರಿಗೆ ತೆರೆಯ ಮೇಲೆ ಊರಿಗೆ ಊರೇ ಬೆಚ್ಚಿದರೆ, ನಾನು ಜೇಬು ಮುಟ್ಟಿ ನೋಡಿಕೊಂಡೆ. ಕನ್ನಡಕ ಮನೆಯಲ್ಲೇ ಉಳಿದಿತ್ತು.

ಮಸುಕಾಗಿ ಕಂಡರೂ ನಗು ಬಂತು. ಬಚ್ಚಲುಮನೆ ಇಣುಕಿ ಸಿಕ್ಕಿಬಿದ್ದ ಅಶೋಕ ಮೈಮೇಲೆ ದೆವ್ವ ಬಂದವನಂತೆ ಆಡಿ ಪಾರಾಗುತ್ತಾನೆ. ಆ ಸುಳ್ಳನ್ನು ಊರೇ ಸಾಕಿ ದೊಡ್ಡದು ಮಾಡುತ್ತದೆ. ಅಶೋಕನಾದವರು ನಿರ್ದೇಶಕ ಜೆ.ಪಿ. ತುಮಿನಾಡು ಅವರೇ. ನನಗೆ ಹಿಡಿಸಿದ್ದು ಮಾತ್ರ ಶನೀಲ್ ಗೌತಮ್ ಅವರ ರವಿಯಣ್ಣ. ಇಂಥವರೊಬ್ಬರು ಇಲ್ಲದ ಊರಲ್ಲಿ ಮದುವೆಗೆ ಚಪ್ಪರವೂ ಏಳುವುದಿಲ್ಲ, ಹೆಣವೂ ಏಳುವುದಿಲ್ಲ. ರಾಜ್ ಬಿ. ಶೆಟ್ಟರ ಗುರೂಜಿ ಬಂದ ಮೇಲೆ ನಗು ಕೊಂಚ ಎಳೆಯಿತು ಎಂಬುದು ನನ್ನ ತಕರಾರು. ಹೆಂಡತಿ ಒಪ್ಪುವುದಿಲ್ಲ. ಅವಳು ಕನ್ನಡಕ ಹಾಕಿಕೊಂಡು ನೋಡಿದವಳು.

ಕನ್ನಡ ಸಿನಿಮಾ ಬಾಯಿಬಿಟ್ಟದ್ದೂ ಒಬ್ಬ ಸುಲೋಚನೆಯ ಹೆಸರಿನಲ್ಲೇ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನಾ’ ತೆರೆಗೆ ಬಂತು. ಇಂದ್ರಜಿತುವಿನ ಹೆಂಡತಿಯ ಕಥೆ. ವೈ.ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಮಾತು ಕನ್ನಡದ್ದಾದರೂ ಚಿತ್ರ ತೆಗೆದದ್ದು ಕೊಲ್ಹಾಪುರದಲ್ಲಿ.

ತಾತ ಅದನ್ನು ನೋಡಿದ್ದರು. ಆಗ ಅವರಿಗೆ ಹದಿನಾಲ್ಕು. ಚಿಕ್ಕಂದಿನಲ್ಲಿ ನಾನು ಎಷ್ಟು ಪೀಡಿಸಿದರೂ ಅವರಿಂದ ಹೊರಟದ್ದು ಇಷ್ಟೇ:

‘ಹೇಗಿತ್ತು ತಾತ?’

‘ಮುಂದೆ ಒಬ್ಬ ರುಮಾಲು ಸುತ್ತಿಕೊಂಡು ಕೂತುಬಿಟ್ಟಿದ್ದ ಕಣೋ. ಬಿಳೀ ರುಮಾಲು, ಜರಿ ಅಂಚು.’

‘ರಾವಣ?’

‘ರಾವಣನ ಕಿರೀಟ ಕಂಡಿತು. ಅದರ ಕೆಳಗೆಲ್ಲ ರುಮಾಲೇ.’

ಆಗ ಸಿಟ್ಟು ಬರುತ್ತಿತ್ತು. ಈಗ ಆ ಚಿತ್ರದ ಪ್ರಿಂಟೇ ಸಿಗುವುದಿಲ್ಲ. ಅಂದಿನ ರೀಲು ನೈಟ್ರೇಟಿನದು, ಕಿಡಿ ಸೋಕಿದರೆ ಸಾಕು ಭಗ್ಗೆನ್ನುವಂಥದ್ದು. ಓಡುವಷ್ಟು ಓಡಿಸಿ, ಕೊನೆಗೆ ಅದರಲ್ಲಿನ ಬೆಳ್ಳಿಗಾಗಿ ಕರಗಿಸಿಬಿಟ್ಟ ಹಳೆಯ ಚಿತ್ರಗಳೂ ಉಂಟು. ಇವನ್ನೆಲ್ಲ ಕೂಡಿಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗುವಷ್ಟರಲ್ಲಿ 1964 ಬಂದಿತ್ತು. ಸುಲೋಚನೆಗೆ ಮೂವತ್ತು ತುಂಬಿತ್ತು. ಸತಿಯ ರೀಲು ಹೋಯಿತು, ನಮ್ಮ ಮನೆಯಲ್ಲಿ ಆ ರುಮಾಲು ಮಾತ್ರ ಉಳಿಯಿತು. ದೆವ್ವದ ಸುಲೋಚನೆಯಾದರೂ ಪುಣ್ಯವಂತೆ, ಬೇಕೆಂದಾಗ ಫೋನಿನಲ್ಲೇ ಮೈಮೇಲೆ ಬರುತ್ತಾಳೆ.

ಆಮೇಲೆ ‘ಕಾಂತಾರ ಅಧ್ಯಾಯ 1’. ಕದಂಬರ ಕಾಲದ ಕಾಡು ಕಣ್ಣು ತುಂಬಿತು, ಕಿವಿ ಮಾತ್ರ ಎರಡು ದಿನ ಗುಂಯ್‌ಗುಟ್ಟಿತು. 2022ರ ‘ಕಾಂತಾರ’ದಲ್ಲಿ ಶಿವನಿಗೆ ಅವನಮ್ಮ ಬೈಯುತ್ತಿದ್ದ ಬೈಗುಳದ ರುಚಿ ಇಲ್ಲಿನ ಯಾವ ಯುದ್ಧದಲ್ಲೂ ನನಗೆ ಸಿಗಲಿಲ್ಲ. ಮನೆಯಲ್ಲಿ ನೋಡಿದ ‘ಶಾಖಾಹಾರಿ’ಯಲ್ಲಿ ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣ ಬಾಯಿ ಮುಚ್ಚಿಕೊಂಡೇ ಹೆದರಿಸಿದ. ರಂಗಾಯಣ ರಘು ಅವರಂಥ ನಟನಿಂದ ಇಷ್ಟು ವರ್ಷ ಬರೀ ಕೂಗಾಡಿಸಿದರಲ್ಲ ಎಂದು ಹೊಟ್ಟೆ ಉರಿಯಿತು.

ಮೊನ್ನೆ ಮಗಳು ಫೋನ್ ಮಾಡಿ, ‘ಅಪ್ಪಾ, ಕಾಂತಾರ ಹೇಗಿತ್ತು?’ ಎಂದಳು. ಆ ಸಲ ನಾನು ಕನ್ನಡಕ ಮರೆತಿರಲಿಲ್ಲ, ಎಲ್ಲ ನಿಚ್ಚಳವಾಗಿ ಕಂಡಿತ್ತು.

‘ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಗಳಿಗೆಗೊಮ್ಮೆ ಮೊಬೈಲು ತೆಗೀತಿದ್ದ ಕಣೇ,’ ಎಂದೆ. ‘ಕ್ಲೈಮ್ಯಾಕ್ಸಿನ ಹೊತ್ತಿಗೆ ಅವನ ಚಾರ್ಜು 12 ಪರ್ಸೆಂಟಿಗೆ ಬಂದುಬಿಟ್ಟಿತ್ತು.’